ಅಣ್ಣ ತಂದ ಖಣದ ಹಾಡು

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೆಂಗಸರ ಕುಬಸ ಹೊಲಿಯುವುದು ನನ್ನ ಕಸುಬು. ಹಾಡು ಕಟ್ಟಿ ಹಾಡುವುದು ಅದರ ಮಗ್ಗುಲಲ್ಲೇ ಬೆಳೆದ ಇನ್ನೊಂದು ಕಸುಬು. ಯಾವುದು ದೊಡ್ಡದು ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ತಡಮಾಡದೆ ಹೊಲಿಗೆ ಎನ್ನುತ್ತಾಳೆ. ನಾನು ಸುಮ್ಮನೆ ಮಷೀನು ತುಳಿಯುತ್ತೇನೆ.

ಮೊದಲನೆಯ ಹಾಡು ಹುಟ್ಟಿದ್ದು ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಿ. ಒಬ್ಬ ಹೆಣ್ಣುಮಗಳು ಹೊರಟ ಬಸ್ಸಿನ ಹಿಂದೆ ಓಡಿ ಹೇಗೋ ಹತ್ತಿಕೊಂಡಳು. ಆಕೆಯ ಒಂದು ಕಾಲಿನ ಚಪ್ಪಲಿ ಮಾತ್ರ ನೆಲದ ಮೇಲೆ ಉಳಿಯಿತು. ಬಸ್ಸು ಧೂಳೆಬ್ಬಿಸಿ ಹೋದ ಮೇಲೂ ನಾನು ಆ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದೆ. ಆಕೆ ಇಳಿಯುವ ಊರಿನಲ್ಲಿ ಒಂದೇ ಚಪ್ಪಲಿ ಮೆಟ್ಟಿ ಹೇಗೆ ನಡೆದಾಳು, ಮನೆಯಲ್ಲಿ ಏನು ಹೇಳಿಯಾಳು ಎಂದು ಯೋಚಿಸುತ್ತ ನನ್ನ ಬಸ್ಸಿನಲ್ಲಿ ಕುಳಿತೆ. ಬೈಲಹೊಂಗಲ ಮುಟ್ಟುವಷ್ಟರಲ್ಲಿ ಮೂರು ನುಡಿ ಆಗಿದ್ದವು. ಅಂಗಡಿಗೆ ಬಂದವನೇ ಕೈಗೆ ಸಿಕ್ಕ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಅಂದಿನಿಂದ ಅದೇ ರೂಢಿಯಾಯಿತು. ಪುಸ್ತಕದ ಮುಂದಿನಿಂದ ಗಿರಾಕಿಗಳ ಎದೆ, ತೋಳು, ಕುತ್ತಿಗೆಯ ಅಳತೆ. ಹಿಂದಿನಿಂದ ನನ್ನ ಹಾಡು. ಎರಡೂ ನಡುವೆ ಸಂಧಿಸಿದಾಗ ಹೊಸ ಪುಸ್ತಕ ತರುತ್ತಿದ್ದೆ.

ಚಪ್ಪಲಿಯ ಹಾಡನ್ನು ನನ್ನೂರು ಸಂಪಗಾಂವದ ಒಂದು ಮದುವೆಯಲ್ಲಿ ಹಾಡಿದೆ. ಅಲ್ಲಿಗೆ ಬಂದಿದ್ದ, ಸಣ್ಣದೊಂದು ರೆಕಾರ್ಡಿಂಗ್ ಕೋಣೆ ನಡೆಸುವವನೊಬ್ಬ ಅದನ್ನು ಕೇಳಿ ಕರೆದ. ಆರು ತಿಂಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಲ್ಲಿ, ಟಂಟಂ ಗಾಡಿಗಳಲ್ಲಿ, ಹೊಲಕ್ಕೆ ಹೋಗುವವರ ಫೋನುಗಳಲ್ಲಿ ನನ್ನ ದನಿ ಕೇಳತೊಡಗಿತು. ಕುಬಸ ಹೊಲಿಸಲು ಬಂದವರು ನನ್ನೆದುರೇ ಅದನ್ನು ಗುನುಗುತ್ತಿದ್ದರು. ಹಾಡಿದವನು ತಮ್ಮ ತೋಳಿನ ಅಳತೆ ಹಿಡಿಯುತ್ತಿದ್ದಾನೆಂದು ಅವರಿಗೆ ಗೊತ್ತಿರುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ. ಆಗ ನನಗೆ ಯಾರ ಮೇಲೂ ಸಂಶಯವಿರಲಿಲ್ಲ.

ಮೇಳ ಕಟ್ಟಿದೆವು. ಹಾರ್ಮೋನಿಯಂ ನುಡಿಸಲು ಒಬ್ಬ ನಿವೃತ್ತ ಸಾಲಿ ಮಾಸ್ತರರು ಬಂದರು. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುವುದರಿಂದ ಅವರು ಎಲ್ಲರಿಗೂ ಪೇಟಿ ಮಾಸ್ತರರು. ಜೋಡಿ ಹಾಡಲು ಮನೋಳಿಯ ಒಬ್ಬ ಹೆಣ್ಣುಮಗಳು ಸೇರಿದಳು. ನನಗಿಂತ ಹತ್ತು ವರ್ಷ ಸಣ್ಣವಳು. ಗಂಡ ಹೊಲ ಮಾಡುತ್ತಾನೆ. ಓದಿದ್ದು ಏಳನೆಯ ಇಯತ್ತೆ, ಆದರೆ ಒಮ್ಮೆ ಕೇಳಿದ ಹಾಡು ಮರೆಯುತ್ತಿರಲಿಲ್ಲ. ನಾನು ಅವಳನ್ನು ತಂಗೆವ್ವ ಎಂದು ಕರೆಯುತ್ತಿದ್ದೆ, ಅವಳು ನನ್ನನ್ನು ಅಣ್ಣಾರ ಎನ್ನುತ್ತಿದ್ದಳು. ವಾರಕ್ಕೊಮ್ಮೆ ಬಸ್ಸಿಗೆ ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮೊಂದಿಗೆ ತಾಲೀಮು ಮಾಡಿ ಹೋಗುತ್ತಿದ್ದಳು. ಹೀಗೆ ಆರು ವರ್ಷ ನಡೆಯಿತು.

ಹತ್ತಿ ಬಿಡಿಸುವವರ ಮೇಲೆ ನಾನು ಒಂದು ಹಾಡು ಬರೆದೆ.

ಹತ್ತಿ ಬಿಡಸೂ ಕೈಗಿ ಬಳಿ ಯಾಕ ತಂದಿ
ಗೀರಿದ ಗಾಯಕ ಹೆಸರೇನ ಇಡತಿ

ಇನ್ನೂ ರೆಕಾರ್ಡು ಆಗಿರಲಿಲ್ಲ. ತಾಲೀಮಿನಲ್ಲಿ ಎರಡು ಸಲ ಹಾಡಿದ್ದೆವು, ಅಷ್ಟೆ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಾಗ ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಯಿತು. ಅದರಲ್ಲಿ ಈ ಹಾಡು ಬರುತ್ತಿತ್ತು. ದನಿ ನನ್ನದಲ್ಲ. ನಾನು ಟ್ರ್ಯಾಕ್ಟರಿನ ಹಿಂದೆ ನಾಲ್ಕು ಹೆಜ್ಜೆ ಓಡಿದೆ. ಆಮೇಲೆ ನಿಂತು, ಯಾರಾದರೂ ನೋಡಿದರೇ ಎಂದು ಅತ್ತಿತ್ತ ನೋಡಿದೆ.

ಫೋನಿನಲ್ಲಿ ಹುಡುಕಿದಾಗ ಸಿಕ್ಕಿತು. ರಾಮದುರ್ಗದ ಒಬ್ಬ ಹಾಡುಗಾರ ಹಾಡಿದ್ದ. ಬರೆದವರು ಯಾರೆಂಬಲ್ಲಿ ‘ಜನಪದ’ ಎಂದಿತ್ತು. ಆ ಒಂದು ಮಾತು ನನ್ನನ್ನು ಸುಟ್ಟಿತು. ಕದ್ದವನು ತನ್ನ ಹೆಸರು ಹಾಕಿಕೊಂಡರೆ ಜಗಳ ತೆಗೆಯಬಹುದು. ಯಾರ ಹೆಸರನ್ನೂ ಹಾಕದೆ ತಪ್ಪಿಸಿಕೊಂಡಿದ್ದಾನೆ, ಇವನು ಬಲು ಜಾಣ ಎಂದುಕೊಂಡೆ.

ಹೆಂಡತಿಗೆ ಕೇಳಿಸಿದೆ.

“ಯಾರೊ ಕೇಳಿ ಹಾಡಿರಬೇಕ್ರಿ,” ಎಂದಳು.

“ಎಲ್ಲಿ ಕೇಳಿ? ನಾ ಇನ್ನ ಹೊರಗ ಹಾಡೇ ಇಲ್ಲ.”

“ಹಂಗಾರ ಒಳಗಿನವ್ರು ಯಾರೊ ಹೇಳಿರಬೇಕು.”

ಅವಳು ಕಾಳು ಹಸನು ಮಾಡುತ್ತ ಸಹಜವಾಗಿ ಆಡಿದ ಮಾತದು. ನನ್ನೊಳಗೆ ಅದು ಮುಳ್ಳಿನಂತೆ ಉಳಿಯಿತು. ಒಳಗಿನವರೆಂದರೆ ಇಬ್ಬರೇ. ಮಾಸ್ತರರು ಸವದತ್ತಿ ದಾಟಿ ಆಚೆ ಹೋದವರಲ್ಲ. ತಂಗೆವ್ವನ ಬಳಗದವರು ರಾಮದುರ್ಗದಲ್ಲಿದ್ದರು. ಹಿಂದಿನ ತಿಂಗಳು ಒಂದು ಮದುವೆಗೆ ಅಲ್ಲಿಗೆ ಹೋಗಿಯೂ ಬಂದಿದ್ದಳು.

ಸಂಶಯ ಹತ್ತಿದ ಮೇಲೆ ಕಣ್ಣು ಬೇರೆಯೇ ಆಗುತ್ತದೆ. ಮೊದಲು ಆಕೆ ತಾಲೀಮಿನ ಹೊತ್ತಿಗೆ ಫೋನನ್ನು ಮುಂದಿಟ್ಟುಕೊಂಡರೆ ಮನೆಯಿಂದ ಕರೆ ಬರಬಹುದೆಂದು ತಿಳಿಯುತ್ತಿದ್ದೆ. ಈಗ, ರೆಕಾರ್ಡು ಹಚ್ಚಿದ್ದಾಳೆಯೇ ಎಂದು ಕತ್ತು ಚಾಚಿ ನೋಡುತ್ತಿದ್ದೆ. ಮೊದಲು “ಈ ನುಡಿ ಇನ್ನೊಮ್ಮೆ ಹೇಳ್ರಿ ಅಣ್ಣಾರ” ಎಂದರೆ ಹಿಗ್ಗುತ್ತಿದ್ದೆ. ಈಗ, ಇಷ್ಟು ನೆನಪಿರುವವಳಿಗೆ ಇನ್ನೊಮ್ಮೆ ಯಾಕೆ ಬೇಕು ಎನಿಸುತ್ತಿತ್ತು. ಅಳತೆ ಪುಸ್ತಕವನ್ನು ಮಷೀನಿನ ಖಾನೆಯಲ್ಲಿಟ್ಟು ಕೀಲಿ ಹಾಕತೊಡಗಿದೆ. ಗಿರಾಕಿಗಳ ಅಳತೆಯೂ ಅದರಲ್ಲೇ ಇತ್ತಲ್ಲ. ಪ್ರತಿ ಸಲ ಕೀಲಿ ತೆಗೆಯುವ ಬೇಸರಕ್ಕೆ ನೆನಪಿನಿಂದ ಕತ್ತರಿಸಿ ಎರಡು ಕುಬಸ ಕೆಡಿಸಿದೆ. ಒಬ್ಬ ಅಜ್ಜಿ ತೋಳು ತೂರದ ಕುಬಸ ಹಿಡಿದುಕೊಂಡು ಬಂದು, “ನಿನ್ನ ಲಕ್ಷ್ಯ ಎಲ್ಲೈತಿ ಇತ್ತಿತ್ತಲಾಗ?” ಎಂದು ಕೇಳಿದಳು.

ನನ್ನ ಅಕ್ಕನೊಬ್ಬಳಿಗೇ ನನ್ನ ಸಂಕಟ ಗೊತ್ತಿತ್ತು. ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು ಅವಳು. ಕೊಟ್ಟದ್ದು ರಾಮದುರ್ಗಕ್ಕೆ; ಗಂಡ ತೀರಿಕೊಂಡ ಮೇಲೆ ಅಲ್ಲೇ ರೊಟ್ಟಿ ಬಡಿದು ಮಾರುವ ಹೆಂಗಸರ ಗುಂಪಿನಲ್ಲಿ ಸೇರಿಕೊಂಡಿದ್ದಳು. ದಿನವೂ ಮಧ್ಯಾಹ್ನ ಉಂಡ ಮೇಲೆ ಫೋನು ಮಾಡುತ್ತಿದ್ದಳು. ನಾನು ಫೋನನ್ನು ಬಟ್ಟೆಯ ಮೇಲಿಟ್ಟು ಹೊಲಿಯುತ್ತಲೇ ಮಾತಾಡುತ್ತಿದ್ದೆ. “ಯಾರೊ ನನ್ನ ಹಾಡ ಕದಿಯಾಕತ್ತಾರಕ್ಕ” ಎಂದರೆ, “ದೃಷ್ಟಿ ತಾಗೇತಿ, ಉಪ್ಪ ಇಳಿಸಿಕೊ” ಎನ್ನುತ್ತಿದ್ದಳು.

ಮುಂದೆ ಬಂದದ್ದೇ ಖಣದ ಹಾಡು. ತಂಗಿಗೆ ಅಣ್ಣ ಕುಬಸದ ಖಣ ತರುತ್ತಾನೆ, ಅದು ಅಳತೆಗೆ ಸಾಲುವುದಿಲ್ಲ. ಅಂಥ ಖಣ ಹಿಡಿದು ನನ್ನೆದುರು ನಿಂತು, “ಹೆಂಗರ ಮಾಡಿ ಹೊಲೀರಿ, ತವರಿನದು” ಎಂದವರು ಎಷ್ಟೋ ಮಂದಿ.

ಅಣ್ಣ ತಂದ ಖಣದಾಗ ಒಂದ ಗೇಣ ಕಡಿಮಿ
ಸಾಲದ ತೋಳಿಗಿ ತವರ ನೆನಪ ಹಚ್ಚಿ ಹೊಲಿ

ಇದು ನನ್ನ ಎಲ್ಲ ಹಾಡಿಗಿಂತ ಚೆನ್ನಾಗಿದೆ ಎಂದು ನನಗೇ ತಿಳಿದಿತ್ತು. ಹಾಗಾಗಿ ಕದಿಯುವವರನ್ನು ಹಿಡಿಯಲು ಇದನ್ನೇ ಇಟ್ಟೆ. ಮಾಸ್ತರರಿಗೆ ಕೊಟ್ಟ ಹಾಳೆಯಲ್ಲಿ ‘ಒಂದ ಗೇಣ ಕಡಿಮಿ’ ಎಂದು ಬರೆದೆ. ತಂಗೆವ್ವನಿಗೆ ಕೊಟ್ಟದ್ದರಲ್ಲಿ ‘ಎರಡ ಬಟ್ಟ ಕಡಿಮಿ’, ಅಂದರೆ ಎರಡು ಬೆರಳಗಲ ಕಡಿಮೆ, ಎಂದು ಬರೆದೆ. ಹಾಡು ಹೊರಗೆ ಬಂದಾಗ ಯಾವ ಮಾತಿರುತ್ತದೆಯೋ ಅವರೇ ಕಳ್ಳರು. ಒಟ್ಟಿಗೆ ಹಾಡಿದರೆ ಗುಟ್ಟು ರಟ್ಟಾಗುತ್ತದೆಂದು, ರಾಗವನ್ನಷ್ಟೇ ಕೂಡಿಸಿ, “ಮಾತ ಆಮ್ಯಾಲ ನೋಡೂಣು” ಎಂದು ತಾಲೀಮು ಮುಗಿಸಿದೆ. ಆಕೆ ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡಳು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ.

ಎರಡು ತಿಂಗಳಿಗೆ ಹಾಡು ಬಂತು. ಅದೇ ರಾಮದುರ್ಗದ ದನಿ. ಅಂಗಡಿಯ ಬಾಗಿಲು ಎಳೆದುಕೊಂಡು ಫೋನನ್ನು ಕಿವಿಗೆ ಹಿಡಿದು ಕೇಳಿದೆ.

‘ಅಣ್ಣ ತಂದ ಖಣದಾಗ ಒಂದ ಮೊಳ ಕಡಿಮಿ.’

ಗೇಣೂ ಅಲ್ಲ, ಬಟ್ಟೂ ಅಲ್ಲ, ಮೊಳ. ಅಷ್ಟೇ ಅಲ್ಲ, ಕೊನೆಗೆ ನಾನು ಬರೆಯದ ಒಂದು ನುಡಿ ಇತ್ತು.

ಕಡಿಮಿ ಬಿದ್ದ ಖಣಕ ನನ್ನ ಸೆರಗ ಹರದ ಕೂಡಿಸೇನಿ
ಅಣ್ಣ ಬಂದಿದ್ದಂತ ಹೇಳಾಕ ತೊಟಗೊಂಡ ತಿರಗೇನಿ

ಆ ನುಡಿ ನನ್ನ ನುಡಿಗಳಿಗಿಂತ ಮೇಲಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಆ ಹೊತ್ತಿಗೆ ಅನಿಸಿದ್ದು ಒಂದೇ: ಇದನ್ನು ಹೆಣ್ಣುಮಗಳೇ ಕಟ್ಟಿದ್ದಾಳೆ. ಗಂಡಸಿಗೆ ಇದು ಹೊಳೆಯುವುದಿಲ್ಲ. ಅಲ್ಲಿಗೆ ನನ್ನ ಲೆಕ್ಕಾಚಾರ ಮುಗಿಯಿತು.

ಆ ವಾರ ಕಿತ್ತೂರಿನ ಒಂದು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನಮ್ಮ ಕಾರ್ಯಕ್ರಮವಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಶುರು. ಅದಕ್ಕೂ ಮೊದಲು ನಮ್ಮನ್ನು ಒಂದು ವರ್ಗದ ಕೋಣೆಯಲ್ಲಿ ಕೂರಿಸಿ ಉಪ್ಪಿಟ್ಟು ಕೊಟ್ಟಿದ್ದರು. ಮಾಸ್ತರರು ಕೈತೊಳೆಯಲು ಹೊರಗೆ ಹೋದಾಗ ನಾನು ತಂಗೆವ್ವನೆದುರು ಮಾತು ತೆಗೆದೆ.

“ಖಣದ ಹಾಡ ಹೊರಗ ಬಂದೈತಿ.”

“ಕೇಳೇನ್ರಿ ಅಣ್ಣಾರ,” ಎಂದಳು.

“ನಿನ್ನ ಹಾಳ್ಯಾಗ ಏನ ಬರದಿತ್ತು?”

“ಎರಡ ಬಟ್ಟ ಅಂತ ಇತ್ರಿ. ಮಾಸ್ತರ ಹಾಳ್ಯಾಗ ಒಂದ ಗೇಣ ಅಂತ ಇತ್ತು. ಅವತ್ತ ಬಸ್ ಸ್ಟ್ಯಾಂಡಿನ್ಯಾಗ ಇಬ್ಬರೂ ಕೂಡಿ ನೋಡೀವಿ.”

ಅವಳು ಉಪ್ಪಿಟ್ಟಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು.

“ತಪ್ಪಿ ಬರದಿರಬೇಕ ಅಂದ್ರು ಮಾಸ್ತರು. ನನಗ ಹಂಗನಸಲಿಲ್ಲ. ಖಣದ ಅಳತಿ ನೀವು ತಪ್ಪಾಂಗಿಲ್ಲ. ಕಳ್ಳಿ ಏನ ನೀ ಅಂತ ಎದುರಿಗೆ ಕೇಳಿದ್ರ ಅಲ್ಲಂತ ಹೇಳತಿದ್ದೆ. ಕೇಳತಾರ, ಕೇಳತಾರ ಅಂತ ಎರಡ ತಿಂಗಳ ಕಾಯ್ದೆ.”

ಅಲ್ಲಿಗೆ ನಾನು ನಿಲ್ಲಿಸಬೇಕಿತ್ತು. ಆದರೆ ಸಂಶಯಕ್ಕೆ ಎಲ್ಲವೂ ಸಾಕ್ಷಿಯಾಗುತ್ತದೆ. ಗುಟ್ಟು ಮೊದಲೇ ತಿಳಿದಿದ್ದರಿಂದಲೇ ಮೂರನೆಯ ಮಾತು ಹಾಕಿ ತಪ್ಪಿಸಿಕೊಂಡಿದ್ದಾಳೆ ಎಂದು ನನ್ನ ತಲೆ ಓಡಿತು. ಅದನ್ನು ಬಾಯಿಬಿಟ್ಟು ಅಂದೂಬಿಟ್ಟೆ.

“ಗೊತ್ತಾಗಿತ್ತಂತ್ಲೇ ಮೊಳ ಮಾಡಿ ಕೊಟ್ಟಿ ಹಂಗಾರ.”

ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ. ಪರಿಚಯದವನೆಂದು ಮಾತಾಡಿಸಿ, ಅಲ್ಲ ಎಂದು ತಿಳಿದಾಗ ನೋಡುತ್ತಾರಲ್ಲ, ಹಾಗೆ ನೋಡಿದಳು. ಅಷ್ಟರಲ್ಲಿ ಮಾಸ್ತರರು ಒಳಗೆ ಬಂದರು, ವೇದಿಕೆಗೆ ಕರೆ ಬಂತು.

ಆಕೆ ಅಂದು ಪೂರ್ತಿ ಹಾಡಿದಳು. ಒಂದು ನುಡಿಯೂ ತಪ್ಪಲಿಲ್ಲ. ನನ್ನ ದನಿ ಎರಡು ಕಡೆ ಒಡೆಯಿತು, ಅಲ್ಲೆಲ್ಲ ಆಕೆಯೇ ಎತ್ತಿ ಸಾಗಿಸಿದಳು. ಮುಗಿದ ಮೇಲೆ ಮಾಸ್ತರರಿಗೆ ನಮಸ್ಕಾರ ಮಾಡಿ, ನನ್ನ ಕಡೆ ತಿರುಗದೆ ಬಸ್ ಸ್ಟ್ಯಾಂಡಿನತ್ತ ನಡೆದಳು. ಮುಂದಿನ ವಾರ ತಾಲೀಮಿಗೆ ಬರಲಿಲ್ಲ. ಅದರ ಮುಂದಿನ ವಾರ ಮಾಸ್ತರರೂ ಬರಲಿಲ್ಲ. ಫೋನು ಮಾಡಿದರೆ, “ಮೊಣಕಾಲ ನೋವು ಬಂದೈತ್ರಿ” ಎಂದರು. ಪೇಟಿ ನನ್ನ ಕೋಣೆಯಲ್ಲೇ ಉಳಿಯಿತು.

ಒಂದು ತಿಂಗಳು ಹಾಗೇ ಕಳೆಯಿತು. ಯಾರೂ ಇಲ್ಲದ ಕೋಣೆಯಲ್ಲಿ ಹೊಸ ಹಾಡು ಬರಲಿಲ್ಲ. ಕೊನೆಗೆ, ಆ ರಾಮದುರ್ಗದವನನ್ನೇ ಎದುರಿಗೆ ನಿಂತು ಕೇಳಿ, ಆಕೆಯ ಹೆಸರನ್ನು ಅವನ ಬಾಯಿಂದ ಹೇಳಿಸಬೇಕೆಂದು ಬೆಳಗಿನ ಬಸ್ಸು ಹತ್ತಿದೆ. ಅಕ್ಕನಿಗೆ ತಿಳಿಸಲಿಲ್ಲ. ಜಗಳಕ್ಕೆ ಹೊರಟವನು ಅಕ್ಕನ ಮನೆಯ ಊಟಕ್ಕೆ ಬರುತ್ತೇನೆಂದು ಹೇಳುವುದು ಹೇಗೆ?

ಅವನು ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹುಬ್ಬು, ಮೀಸೆಗಳ ಮೇಲೆಲ್ಲ ಜೋಳದ ಹಿಟ್ಟು. ನಾನು ಯಾರೆಂದು ಹೇಳಿದ ಕೂಡಲೇ ಬೆಲ್ಟು ಇಳಿಸಿ ಗಿರಣಿ ನಿಲ್ಲಿಸಿದ.

“ಚಪ್ಪಲಿ ಹಾಡ ಹಾಡಿದವ್ರು ನೀವ ಏನ್ರಿ? ಬರ್ರಿ, ಕುಂಡ್ರಬರ್ರಿ,” ಎಂದು ಚೀಲ ಝಾಡಿಸಿ ಹಾಸಿದ.

ನಾನು ಕೂರಲಿಲ್ಲ. “ಹತ್ತಿ ಹಾಡ, ಖಣದ ಹಾಡ ನಿಮಗ ಯಾರ ಕೊಟ್ಟವ್ರು?”

“ಯಾರೂ ಕೊಟ್ಟಿಲ್ರಿ. ಹೆಣ್ಮಕ್ಕಳ ಹಾಡ ಅವು. ನಾ ರೊಟ್ಟಿ ಬಡಿಯೂವರಿಗೆ ಹಿಟ್ಟ ಹಾಕಾಕ ಹೋಗತೇನಿ. ಅವ್ರು ಬಡಕೋತ ಹಾಡತಾರ. ಕೇಳಿ ಕೇಳಿ ಬಾಯಿಪಾಠ ಆದುವು.” ನನ್ನ ಮುಖ ನೋಡಿ ಅವನ ದನಿ ತಗ್ಗಿತು. “ಯಾಕ್ರಿ, ನೀವ ಬರದದ್ದೇನು? ಜನಪದ ಅಂತ ತಿಳದಿದ್ನಲ್ರಿ ನಾ.”

ಸುಳ್ಳು ಹೇಳುತ್ತಿದ್ದಾನೆಂದೇ ಅನಿಸಿತು. “ತೋರಸ್ರಿ ಆ ಹೆಣ್ಮಕ್ಕಳನ್ನ,” ಎಂದೆ.

ಅವನು ಮುಂದೆ, ನಾನು ಹಿಂದೆ. ಎರಡು ಓಣಿ ತಿರುಗುವಷ್ಟರಲ್ಲಿ ನನಗೆ ದಾರಿಯ ಗುರುತು ಹತ್ತಿತು. ಮೂರನೆಯ ತಿರುವಿಗೆ ನಾನೇ ಅವನಿಗಿಂತ ಮುಂದಾಗಿದ್ದೆ. ತಗಡಿನ ಚಪ್ಪರದಡಿ ಐದು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಬಡಿತದ ಲಯಕ್ಕೆ ಹಾಡು ನಡೆದಿತ್ತು. ನುಡಿ ಎತ್ತಿಕೊಡುತ್ತಿದ್ದವಳು ನನ್ನ ಅಕ್ಕ.

ನನ್ನನ್ನು ಕಂಡು ಹಾಡು ನಿಲ್ಲಿಸಿದಳು, ಕೈ ನಿಲ್ಲಿಸಲಿಲ್ಲ. “ತಮ್ಮಾ, ಫೋನ ಮಾಡದ ಬಂದಿ? ಎಲ್ಲಾರೂ ಆರಾಮಿದ್ದೀರಿಲ್ಲೊ?”

ಆಗ ನನಗೆ ಎಲ್ಲವೂ ನೆನಪಾಯಿತು. ಮಧ್ಯಾಹ್ನದ ಫೋನು. ಅಕ್ಕ ‘ಹೊಸಾದೇನ ಕಟ್ಟೀಯೊ’ ಎನ್ನುವುದು, ನಾನು ಮಷೀನು ತುಳಿಯುತ್ತ ಹಾಡಿ ತೋರಿಸುವುದು. ಖಣದ ಹಾಡನ್ನು ಮೊದಲು ಹಾಡಿದಾಗ ‘ಒಂದ ಮೊಳ ಕಡಿಮಿ’ ಎಂದೇ ಹಾಡಿದ್ದೆ. ಅಕ್ಕ ಬಿದ್ದು ಬಿದ್ದು ನಕ್ಕು, “ಮೊಳ ಕಡಿಮಿ ಬಿದ್ರ ಕುಬಸ ಹೆಂಗ ಆಕ್ಕೈತೊ, ಸಿಂಪಿಗ್ಯಾ?” ಎಂದಿದ್ದಳು. ನಾನು ನಾಚಿ ಆಮೇಲೆ ಪುಸ್ತಕದಲ್ಲಿ ಗೇಣು ಎಂದು ಬರೆದಿದ್ದೆ. ಮೊಳ ಎಂಬ ಮಾತು ಯಾವ ಹಾಳೆಯಲ್ಲೂ ಇರಲಿಲ್ಲ. ನನ್ನ ಬಾಯಿ ಮತ್ತು ಅಕ್ಕನ ಕಿವಿ ಎರಡರಲ್ಲೇ ಇತ್ತು. ಹೊರಗೆ ಹಾಡೇ ಇಲ್ಲ ಎಂದು ಹೆಂಡತಿಗೆ ಹೇಳುವಾಗ ಅಕ್ಕ ನನಗೆ ನೆನಪಾಗಿರಲೇ ಇಲ್ಲ.

“ಇವನ್ನ ಇಲ್ಲಿ ಹಾಡತೀಯೇನ?” ಎಂದೆ.

“ದಿನಾ ಹಾಡತೇವಿ. ನನ್ನ ತಮ್ಮ ಕಟ್ಟಿದ್ದು ಅಂತ ಹೇಳೇನಿ ಇವರಿಗೆಲ್ಲ. ಮೊಳ ಅಂದ್ರ ಇವ್ರು ಭಾಳ ನಗತಾರ, ಜಿಪುಣ ಅಣ್ಣ ಅಂತ.”

“ಯಾರೊ ನನ್ನ ಹಾಡ ಕದಿಯಾಕತ್ತಾರ ಅಂತ ನಿನ್ನ ಮುಂದ ಅತ್ತೇನಲ್ಲ.”

“ಅದು ಇದ ಅಂತ ನನಗೇನ ಗೊತ್ತೊ? ನೀ ದೊಡ್ಡ ಮಂದಿ ಕದ್ದಾರ ಅಂದಂಗಾತು.” ಅವಳ ಕೈ ಈಗ ನಿಂತಿತು. “ಹಾಡಬಾರದಿತ್ತೇನ?”

ಕೊನೆಯ ನುಡಿ ಯಾರದೆಂದು ಕೇಳಿದೆ. ಅಕ್ಕ ಹಂಚಿನ ಮುಂದೆ ಕೂತು ರೊಟ್ಟಿ ಬೇಯಿಸುತ್ತಿದ್ದ ಹೆಂಗಸನ್ನು ತೋರಿಸಿದಳು. ಆಕೆ ತಲೆ ಎತ್ತಲಿಲ್ಲ. “ಇಕಿ ಅಣ್ಣ ಇಕಿ ಮನಿಗೆ ಬರೂದ ಬಿಟ್ಟ ಭಾಳ ವರ್ಷಾತು,” ಎಂದಳು ಅಕ್ಕ ಸಣ್ಣ ದನಿಯಲ್ಲಿ. ಗಿರಣಿಯವನು ಚಪ್ಪರದ ಕಂಬ ಹಿಡಿದು ನಿಂತಿದ್ದ. ನಾನು ಅವನ ಕೈ ಹಿಡಿದು, “ತಪ್ಪಾತ್ರಿ” ಎಂದೆ. ಅವನು, “ಅಲ್ರಿ, ತಪ್ಪ ನಂದಲ್ಲೇನು?” ಎಂದ. ಆ ದಿನವೇ ಎರಡು ಹಾಡಿಗೂ ನನ್ನ ಹೆಸರು ಹಾಕಿದ. ಖಣದ ಹಾಡಿಗೆ ‘ಮತ್ತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು’ ಎಂದು ಸೇರಿಸಿರೆಂದು ನಾನೇ ಹೇಳಿದೆ. ಹಂಚಿನ ಮುಂದಿನ ಹೆಂಗಸು ತನ್ನ ಹೆಸರು ಬೇಡವೆಂದಳು.

ಮರುದಿನ ಮನೋಳಿಗೆ ಹೋದೆ. ತಂಗೆವ್ವ ಅಂಗಳದಲ್ಲಿ ಹೆಸರುಕಾಳು ಒಣಹಾಕಿದ್ದಳು. ನನ್ನನ್ನು ಕಂಡು ಒಳಗಿನಿಂದ ನೀರು ತಂದುಕೊಟ್ಟಳು, ಚಹಾ ಮಾಡಿದಳು. ಕುಡಿಯುತ್ತ ಎಲ್ಲವನ್ನೂ ಹೇಳಿದೆ. ಅಕ್ಕ, ಫೋನು, ಮೊಳ. ಕೇಳಿಸಿಕೊಳ್ಳುತ್ತ ಕಾಳಿನಲ್ಲಿ ಬೆರಳಾಡಿಸುತ್ತಿದ್ದಳು.

“ಅಕ್ಕಾರ ಛಲೋ ಹಾಡತಾರೇನ್ರಿ?” ಎಂದು ಕೇಳಿದಳು.

“ಹಾಡತಾಳ.”

“ಹಂಗಾರ ಛಲೋ ಆತು.”

“ನಂದ ತಪ್ಪಾತು, ತಂಗೆವ್ವ. ತಾಲೀಮಿಗೆ ಬಾ. ಮಾಸ್ತರ್ನೂ ಕರೀತೇನಿ.”

“ಬರಾಂಗಿಲ್ರಿ ಅಣ್ಣಾರ.” ಕಟುವಾಗಿ ಹೇಳಲಿಲ್ಲ. “ನಿನ್ನಿ ಅಕ್ಕಾರ ಸಿಕ್ರು, ಅದಕ್ಕ ನಾ ಉಳದ್ನಿ. ಸಿಗಲಿಲ್ಲಂದ್ರ? ಸಾಯೂತನಕ ನಾ ಕಳ್ಳಿನ ಆಗಿ ಉಳೀತಿದ್ನಿಲ್ರಿ?”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಆಕೆಯ ಗಂಡ ಹೊಲದಿಂದ ಬಂದು, ವಿಷಯ ಗೊತ್ತಿಲ್ಲದೆ, ಉಂಡು ಹೋಗಿರೆಂದು ಒತ್ತಾಯ ಮಾಡಿದ. ಉಂಡೆ. ಆಕೆ ಎರಡನೆಯ ಸಲ ಪಲ್ಯ ಬಡಿಸಿದಳು. ಬಾಗಿಲ ತನಕ ಬಂದು ಕಳಿಸಿದಳು. ಆರು ವರ್ಷದಲ್ಲಿ ಆಕೆಯ ಮನೆಯಲ್ಲಿ ಉಂಡದ್ದು ಅದೇ ಮೊದಲು.

ಮಾಸ್ತರರು ಮರಳಿ ಬಂದರು. ಮೊಣಕಾಲ ನೋವಿನ ಮಾತು ಇಬ್ಬರೂ ಎತ್ತಲಿಲ್ಲ. ಆಕೆ ಸವದತ್ತಿಯ ಕಡೆಯ ನಾಲ್ವರನ್ನು ಕೂಡಿಸಿಕೊಂಡು ತನ್ನದೇ ಮೇಳ ಕಟ್ಟಿದಳು. ಕಳೆದ ವರ್ಷ ಬಟ್ಟೆ ತರಲು ಸವದತ್ತಿಗೆ ಹೋಗಿದ್ದಾಗ ಪೇಟೆಯ ಒಂದು ಅಂಗಡಿಯ ಪ್ರಾರಂಭಕ್ಕೆ ಆಕೆ ಹಾಡುತ್ತಿದ್ದಳು. ಜನರ ಹಿಂದೆ ನಿಂತು ಕೇಳಿದೆ. ತಾನೇ ಕಟ್ಟಿದ ಹಾಡು, ಹೊಳೆ ದಾಟುವ ಹೆಣ್ಣಿನ ಮೇಲೆ. ದನಿ ಮೊದಲಿಗಿಂತ ಗಟ್ಟಿಯಾಗಿತ್ತು. ಎರಡನೆಯ ನುಡಿಗೆ ಬಂದಾಗ ಒಂದು ಸಾಲು ನನಗೆ ಎಲ್ಲೋ ಕೇಳಿದಂತೆ ಅನಿಸಿತು. ನನ್ನದೇ ಇರಬಹುದೇ, ಆರು ವರ್ಷದಲ್ಲಿ ಎಂದೋ ಗುನುಗಿ ಬಿಟ್ಟದ್ದೇ? ಆ ಯೋಚನೆ ಬಂದ ಕೂಡಲೇ ನನ್ನ ಮೇಲೆ ನನಗೇ ಹೇಸಿಗೆಯಾಗಿ ಅಲ್ಲಿಂದ ಹೊರಟುಬಿಟ್ಟೆ.

ಹೊರಟರೂ ಬಿಡಲಿಲ್ಲ ಅದು. ಬೈಲಹೊಂಗಲಕ್ಕೆ ಬಂದವನು ಹಳೆಯ ಅಳತೆ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಹಿಂದಿನಿಂದ ಒಂದೊಂದೇ ಹಾಳೆ ತಿರುವಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಏನ ಹುಡುಕಾಕತ್ತೀರಿ?”

“ಏನಿಲ್ಲ.”

“ಸಿಕ್ತೇನು?”

“ಇಲ್ಲ,” ಎಂದೆ. ಆ ಸಾಲು ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳು ಬಂದು ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ಧೂಳು ಒರೆಸಿ ಮೇಲಿಟ್ಟಳು. ನಾನು ಮಷೀನಿನ ಮುಂದೆ ಕೂತೆ. ನಾಳೆಗೆ ಕೊಡಬೇಕಾದ ಕುಬಸಕ್ಕೆ ಇನ್ನೂ ತೋಳು ಕೂಡಿಸುವುದಿತ್ತು.